ಅಜ್ಜಿ ಗಂಟಿನ ಕಾಸು, ಅಂಗಡಿ ಪ್ಲಾಸ್ಟಿಕ್ಕು

(ತಾಳವಾಡಿಯಲ್ಲಿ ಯುವಜನರ ಮುಂದೆ ಆಡಿದ ಮಾತಿನ ಬರಹರೂಪ)

ತಾಳವಾಡಿ, ತಲಮಲೆ, ಹಾಸನೂರು, ಗಾಜನೂರು ಕಡೆಯಿಂದ ಬಂದಿರುವ ತಮ್ಮಂದಿರೇ, ತಂಗಿಯರೇ, ಇವತ್ತು ನಾವು ಮಾತಾಡೋದು ಹಳೇ ಕಾಸಿನ ಬಗ್ಗೆ. ಅದರ ಬೆಲೆ ಎಷ್ಟು ಅಂತಲ್ಲ. ಅದು ಮನೆಯೊಳಗೇ ಹೆಂಗೆ ಹಾಳಾಗ್ತದೆ, ಹೆಂಗೆ ಉಳಿಸ್ಕೋಬೇಕು ಅನ್ನೋದು.

ನಮ್ಮ ಕಡೆ ಹಳೇ ಕಾಸು ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ದೇವರ ಗೂಡಿನಲ್ಲಿ ಅರಿಶಿನದ ಬಟ್ಟೇಲಿ ಕಟ್ಟಿದ ಮುಡಿಪು, ಅಜ್ಜಿಯ ಟ್ರಂಕಿನ ತಳದಲ್ಲಿ ಸಣ್ಣ ಗಂಟು. ಬಿಚ್ಚಿ ನೋಡಿದರೆ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಎರಡನೇ ಮಹಾಯುದ್ಧದ ಕಾಲದ ತೂತು ಕಾಸು, ಹಗುರಾದ ಅಲ್ಯೂಮಿನಿಯಂ ಪೈಸೆ. ಅದೃಷ್ಟ ಇದ್ದರೆ ಆನೆ ಚಿತ್ರದ ತಾಮ್ರದ ಕಾಸು.

ಈ ಆನೆ ಕಾಸನ್ನ ಸ್ವಲ್ಪ ಗಮನಿಸಿ. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರ್ಸಿ ಅಕ್ಷರ ಇದ್ದರೆ ಅದು ಟಿಪ್ಪು ಕಾಲದ್ದು ಇರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಲ್ಲೂ ಆನೆ ಇದೆ. ಆದರೆ ಅವುಗಳಲ್ಲಿ ‘ಮಯಿಲಿ ಕಾಸು’ ಅಂತ ಕನ್ನಡದಲ್ಲೇ ಬರೆದಿರುವಂಥವು ಸಿಗುತ್ತವೆ. ಮೈಸೂರು ಸಂಸ್ಥಾನದ ಆ ಟಂಕಸಾಲೆ ಕೆಲಸ 1843ಕ್ಕೆ ನಿಂತಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿ ಸರ್ಕಾರದ ಪಾಲಾಯಿತು. 1956ರಲ್ಲಿ ಪಕ್ಕದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಈ ಕಡೆ ಉಳಿಯಿತು. ಗಡಿಗಳು ಹೀಗೆ ಬದಲಾಗ್ತಾ ಬಂದವು. ಒಂದು ಕಾಸು ಇಟ್ಕೊಂಡು ಗಡಿಯ ವಾದ ಗೆಲ್ಲೋಕಾಗಲ್ಲ, ಗೆಲ್ಲೋದೂ ಬೇಡ. ಆದರೆ ಇನ್ನೂರು ವರ್ಷದ ಹಿಂದೆ ಕನ್ನಡ ಅಕ್ಷರ ಹೊತ್ತ ಕಾಸು ಸಂತೇಲಿ ಕೈಯಿಂದ ಕೈಗೆ ಓಡಾಡ್ತಿತ್ತು ಅಂತ ಮಕ್ಕಳ ಅಂಗೈಗೆ ಇಟ್ಟು ತೋರಿಸಬಹುದು. ಅಕ್ಷರವೇ ಅಳಿಸಿಹೋದರೆ ಏನು ತೋರಿಸೋದು?

ಅಕ್ಷರ ಅಳಿಸ್ತಿರೋರು ಹೊರಗಿನವರಲ್ಲ ಕಣ್ರಪ್ಪ. ಕಾಪಾಡ್ತೀವಿ ಅಂತ ನಾವು ತಂದಿಟ್ಟ ಸಾಮಾನೇ ಆ ಕೆಲಸ ಮಾಡ್ತಿದೆ.

ಮೊದಲನೇದು ಪ್ಲಾಸ್ಟಿಕ್ಕು. ಅಂಗಡೀಲಿ ಸಿಗುವ ಮೆತ್ತಗಿನ, ಬಳುಕುವ ನಾಣ್ಯದ ಆಲ್ಬಮ್‌ಗಳಲ್ಲಿ ಬಹಳಷ್ಟು ಪಿವಿಸಿಯವು. ಹೊಸ ರೇನ್‌ಕೋಟಿನ ಥರ ಘಾಟು ವಾಸನೆ ಬಂದರೆ ಅನುಮಾನ ಪಡಿ. ಪಿವಿಸಿಯನ್ನ ಮೆತ್ತಗೆ ಮಾಡೋಕೆ ಸೇರಿಸಿದ ಎಣ್ಣೆಯಂಥ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಜಿನುಗ್ತದೆ. ಪ್ಲಾಸ್ಟಿಕ್ಕು ಹಳತಾಗ್ತಾ ಕ್ಲೋರಿನ್ ಸೇರಿದ ಆಮ್ಲವನ್ನೂ ಬಿಡ್ತದೆ. ಅದು ತಾಮ್ರವನ್ನ ತಿಂದು ನಾಣ್ಯದ ಮೇಲೆ ಅಂಟಂಟಾದ ಹಸಿರು ಪದರ ಕೂರಿಸ್ತದೆ. ಬೆಳ್ಳಿ ರೂಪಾಯಿ ಇದ್ದೋರು ನಮಗೇನು ಅಂದ್ಕೋಬೇಡಿ. ಹಳೇ ರೂಪಾಯಿಯಲ್ಲಿ 91.7 ಭಾಗ ಬೆಳ್ಳಿ ಇದ್ದರೂ ಉಳಿದದ್ದರಲ್ಲಿ ತಾಮ್ರ ಇದೆ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, ತಾಮ್ರ ಇನ್ನೂ ಹೆಚ್ಚಾಯಿತು.

ಎರಡನೇದು ರಬ್ಬರ್ ಬ್ಯಾಂಡು, ಹಳೇ ಪೇಪರು, ರಟ್ಟಿನ ಡಬ್ಬಿ. ರಬ್ಬರಿನಲ್ಲಿ ಗಂಧಕ ಇರ್ತದೆ, ಅದು ಬೆಳ್ಳಿಯನ್ನ ಕಪ್ಪು ಮಾಡ್ತದೆ. ಬ್ಯಾಂಡ್ ಸುತ್ತಿದ ಗೆರೆ ನಾಣ್ಯದ ಮೇಲೇ ಉಳಿದುಬಿಡ್ತದೆ. ಅಗ್ಗದ ಕಾಗದದಲ್ಲಿ, ಕೆಲವು ಜಾತಿ ಮರದಲ್ಲಿ ಆಮ್ಲದ ಅಂಶ ಇರ್ತದೆ.

ಮೂರನೇದು ಅರಿಶಿನ ಕುಂಕುಮದ ಒದ್ದೆ ಬಟ್ಟೆ. ಭಕ್ತಿಗೆ ನಾವು ಅಡ್ಡ ಬರೋದಿಲ್ಲ. ಆದರೆ ನಮ್ಮದು ಮಂಜು, ಮಳೆಯ ಬೆಟ್ಟ. ತೇವದ ಬಟ್ಟೆ, ಕೈ ಬೆವರಿನ ಉಪ್ಪು, ತಾಮ್ರ ಮೂರೂ ಸೇರಿದರೆ ಕಿಲುಬು ಖಾತ್ರಿ. ಗಟ್ಟಿಯಾಗಿ ಅಂಟಿಕೊಂಡ ಹಳೇ ಕಂದು ಹಸಿರು ಪದರ ಅಪಾಯ ಅಲ್ಲ, ಅದು ಕಾಸಿಗೆ ಹೊದಿಕೆ ಇದ್ದಂಗೆ. ತಿಳಿ ಹಸಿರು ಪುಡಿ ಉದುರ್ತಿದ್ದರೆ ಮಾತ್ರ ರೋಗ ಒಳಗೇ ನಡೀತಿದೆ ಅಂತ ಅರ್ಥ. ಆ ಕಾಸನ್ನ ಬೇರೆಯವುಗಳಿಂದ ದೂರ ಇಡಿ, ಒಣಗಿಸಿ ಇಡಿ.

ಇನ್ನು ಎಲ್ಲಕ್ಕಿಂತ ದೊಡ್ಡ ಶತ್ರು ಹುಣಸೆಹಣ್ಣು! ಹಬ್ಬ ಬಂತು ಅಂತ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಕಾಸು ಹೊಳೀತದೆ ನಿಜ. ಹೊಳಪಿನ ಜೊತೆ ಅಕ್ಷರದ ಅಂಚೂ ಸವೆದು ಹೋಗ್ತದೆ. ಚೊಂಬು, ದೀಪ ತಿಕ್ಕಿ. ಕಾಸು ತಿಕ್ಕಬೇಡಿ.

ಹಂಗಾದರೆ ಮಾಡೋದೇನು?

• ಪಿವಿಸಿ ಅಲ್ಲದ ಕವರು ಕೇಳಿ ತಗೊಳ್ಳಿ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ಮೈಲಾರ್ ಆದರೆ ಆಗ್ತದೆ. ಇಲ್ಲದಿದ್ದರೆ ಆಮ್ಲರಹಿತ ಕಾಗದದ ಲಕೋಟೆ.
• ಒಂದು ಕವರಿಗೆ ಒಂದೇ ಕಾಸು. ಬೆಳ್ಳಿ ತಾಮ್ರ ಒಂದಕ್ಕೊಂದು ತಾಗಿ ತೇವ ಸೇರಿದರೆ ತಾಮ್ರ ಬೇಗ ಕೆಡ್ತದೆ.
• ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅಡುಗೆಮನೆ, ಹೊಗೆಗೂಡಿನ ಹತ್ತಿರ ಬೇಡ.
• ಕಾಸನ್ನ ಅಂಚಿನಲ್ಲಿ ಹಿಡೀರಿ, ಮುಖ ಮುಟ್ಟಬೇಡಿ.
• ಹಸಿರು ಅಂಟು ಈಗಷ್ಟೇ ಕಾಣ್ತಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಗಾಜಿನ ಬಟ್ಟಲಲ್ಲಿ ನೆನೆಸಿ, ಉಜ್ಜದೆ ಆರಲು ಬಿಡಿ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಬೇರೆ ಪದಾರ್ಥಗಳಿರ್ತವೆ. ಅಸಿಟೋನ್ ಭಗ್ ಅಂತ ಹತ್ತಿಕೊಳ್ತದೆ, ಒಲೆ ದೀಪದಿಂದ ದೂರ, ಗಾಳಿಯಾಡುವ ಜಾಗದಲ್ಲಿ ಮಾಡಿ. ಗುಳಿ ಬಿದ್ದಿದ್ದರೆ ಅದೂ ಉಳಿಸಲ್ಲ.

ಕೊನೇದಾಗಿ ಒಂದು ಮಾತು. ಕಾಸಿನ ಜೊತೆ ಒಂದು ಚೀಟಿ ಇಡಿ. ಯಾರ ಗಂಟಿನಲ್ಲಿತ್ತು, ಯಾವ ಊರು, ಯಾವ ಸಂತೆ, ಯಾವ ಹರಕೆ, ಎಲ್ಲ ಕನ್ನಡದಲ್ಲಿ ಬರೀರಿ. ಪೆನ್ನಿನ ಶಾಯಿ ತೇವಕ್ಕೆ ಹರಡ್ತದೆ, ಪೆನ್ಸಿಲ್ ಒಳ್ಳೇದು. ಅಜ್ಜಿ ಇರೋವಾಗಲೇ ಕೇಳಿ. ಕಾಸಿಗೆ ಕಿಲುಬು ಹಿಡಿಯೋಕೆ ಹತ್ತು ವರ್ಷ ಬೇಕು, ನೆನಪು ಹೋಗೋಕೆ ಒಂದು ದಿನ ಸಾಕು.

ಹೊಲ ಉಳುವಾಗ ಹಳೇ ಕಾಸಿನ ಗಡಿಗೆ ಸಿಕ್ಕಿದರೆ ಮುಚ್ಚಿಡಬೇಡಿ. 1878ರ ನಿಧಿ ಕಾನೂನಿನ ಪ್ರಕಾರ 10 ರೂಪಾಯಿಗೆ ಮೇಲ್ಪಟ್ಟ ಬೆಲೆಯ ನಿಧಿಯನ್ನ ಕಲೆಕ್ಟರಿಗೆ ತಿಳಿಸಲೇಬೇಕು.

ಈ ಭಾನುವಾರ ಮನೆ ಗಂಟು ಬಿಚ್ಚಿ, ಮೆತ್ತಗಿನ ಪ್ಲಾಸ್ಟಿಕ್ಕು ತೆಗೆದು ಹಾಕಿ, ಚೀಟಿ ಬರೀರಿ. ಶಾಲೆಯಲ್ಲಿ ಕನ್ನಡ ಕಲೀತಿರೋ ತಮ್ಮ ತಂಗಿಯರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಾಸಿನ ಮೇಲಿನ ಅಕ್ಷರ ಓದಿಸಿ.