ಬಿದ್ದದ್ದು ಮೊದಲೋ, ಸೆಳವು ಮೊದಲೋ



ವೀರಭದ್ರೇಶ್ವರನ ಊರಾದ ಯಡೂರಿನಲ್ಲಿ, ಕೃಷ್ಣೆಯ ದಂಡೆಯಲ್ಲಿ, ದತ್ತಿ ಉಪನ್ಯಾಸಕ್ಕೆ ಫಿಟ್ಸಿನ ವಿಷಯವೇ ಎಂದು ಹುಬ್ಬೇರಿಸಬೇಡಿ. ದತ್ತಿಯ ದುಡ್ಡು ಕೂಸುಗಳಿಗೆ ಸಂದರೆ ಇಟ್ಟವರಿಗೂ ಸಮಾಧಾನವೇ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದವರು ಮೊದಲು ಆಡುವ ಮಾತು ಹೆಚ್ಚಾಗಿ ಒಂದೇ: "ಕಟ್ಟಿ ಮ್ಯಾಲಿಂದ ಬಿತ್ರಿ, ಬಿದ್ದದ್ದಕ್ಕ ಫಿಟ್ಸ್ ಬಂತು." ನಾನು ಕೇಳುವುದೂ ಒಂದೇ: "ಬಿದ್ದ ಮ್ಯಾಲೆ ಅತ್ತಿತೇನವ್ವಾ?" ವೈದ್ಯರಾದ ನಾವು ನೋಡುವ ಹೊತ್ತಿಗೆ ಸೆಳವು ನಿಂತಿರುತ್ತದೆ. ಕಂಡವರು ನೀವು.

ಬಿತ್ತು, ಕಿಟಾರನೆ ಕಿರುಚಿತು, ಅಳುತ್ತಲೇ ಉಸಿರು ಕಟ್ಟಿತು, ತುಟಿ ನೀಲಿಯಾಯಿತು, ಮೈ ಸೆಟೆಯಿತು, ನಿಮಿಷದೊಳಗೆ ಕಣ್ಣು ಬಿಟ್ಟಿತು. ಇದು ಮೂರ್ಛೆರೋಗವಲ್ಲ, ಉಸಿರು ಕಟ್ಟಿ ಅಳುವ ಕೂಸು. ಇಂಥವರಲ್ಲಿ ಕಬ್ಬಿಣಾಂಶದ ಕೊರತೆ ಸಾಮಾನ್ಯ. ಅದನ್ನು ತುಂಬಿಸಿದರೆ ಎಷ್ಟೋ ಮಕ್ಕಳಲ್ಲಿ ಈ ಕಾಟ ಇಳಿಯುತ್ತದೆ. ಇನ್ನೊಂದು ಕೂಸು ಆಡುತ್ತ ನಿಂತಿತ್ತು, ಕಣ್ಣು ಮೇಲಾಯಿತು, ಆಮೇಲೆ ಬಿತ್ತು. ಮೈ ಮುಟ್ಟಿದರೆ ಕೆಂಡ. ಜ್ವರ ಇದೆಯೆಂದು ಮನೆಯವರಿಗೆ ತಿಳಿಸಿದ್ದೇ ಸೆಳವು. ಇಲ್ಲಿ ಕಟ್ಟೆಯ ತಪ್ಪೇನೂ ಇಲ್ಲ. ಆದರೆ ತಲೆಗೆ ಪೆಟ್ಟು ಬಿದ್ದ ಮೇಲೆ ಸೆಳವು ಬಂದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದ ಮಂಪರು ಕವಿದರೆ, ಕಿವಿ ಮೂಗಿನಿಂದ ನೀರೋ ರಕ್ತವೋ ಇಳಿದರೆ, ನಾಳೆ ನೋಡೋಣ ಅನ್ನಬೇಡಿ. ಬೆಳಗಾವಿಯೋ ಮಿರಜವೋ, ಸ್ಕ್ಯಾನಿಂಗ್ ಇರುವ ಕಡೆಗೆ ಆ ಗಳಿಗೆಯೇ ಹೊರಡಿ.

ಜ್ವರದ ಸೆಳವು 6 ತಿಂಗಳಿಂದ 5 ವರ್ಷದೊಳಗಿನದು. ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಬರುತ್ತದೆ. ಮೂವರಲ್ಲಿ ಒಬ್ಬರಿಗೆ ಇನ್ನೊಮ್ಮೆ ಬರಬಹುದು. ಸಾಧಾರಣ ಜ್ವರದ ಸೆಳವಿನಿಂದ ಬುದ್ಧಿ ಕುಂದುವುದಿಲ್ಲ. ಜ್ವರದ ಔಷಧಿ ಕೊಡಿ, ಮಗುವಿಗೆ ಹಾಯೆನಿಸುತ್ತದೆ. ಅದು ಸೆಳವನ್ನೂ ತಡೆಯುತ್ತದೆ ಎಂದು ನೆಚ್ಚಬೇಡಿ. ವರ್ಷ ತುಂಬದ ಕೂಸಾದರೆ, ಸೆಳವು 15 ನಿಮಿಷ ದಾಟಿದರೆ, ದಿನದೊಳಗೆ ಮರುಕಳಿಸಿದರೆ, ಮಿದುಳುಪೊರೆಯ ಉರಿಯೂತವೇ ಎಂದು ನಾವು ಹುಡುಕಲೇಬೇಕು.

ಇನ್ನು ಸೆಳವು ಬಂದಾಗ ಮೂಸಿಸುವ ಉಳ್ಳಾಗಡ್ಡಿ, ಕೈಗೆ ಕೊಡುವ ಕೀಲಿಕೈ. ಹೆಚ್ಚಿನ ಸೆಳವು ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಕೀಲಿ ಹುಡುಕಿ ತಂದು ಮುಷ್ಟಿಗೆ ತುರುಕುವಷ್ಟರಲ್ಲಿ ಬೆರಳು ಸಡಿಲಾಗಿರುತ್ತವೆ, ಹೆಸರು ಕೀಲಿಗೆ! ಅದರಿಂದ ಹೆಚ್ಚಿನ ಕೇಡಿಲ್ಲ. ಬರೆ ಹಾಕುವುದನ್ನು, ಬಾಯಿಗೆ ಚಮಚ ತುರುಕುವುದನ್ನು ಮಾತ್ರ ನಾನು ಕ್ಷಮಿಸಲಾರೆ. ಮಗುವನ್ನು ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷವಾದರೂ ನಿಲ್ಲದಿದ್ದರೆ 108. ಒಮ್ಮೆ ಹೀಗಾದ ಮಕ್ಕಳ ಮನೆಯಲ್ಲಿ ಸೆಳವು ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಔಷಧಿ ಇರಲಿ. ಎಷ್ಟೆಂಬುದನ್ನು ತೂಕ ನೋಡಿ ವೈದ್ಯರು ಬರೆದುಕೊಡುತ್ತಾರೆ.

ನಮ್ಮ ನಾಡಿನದೇ ಒಂದು ಮಾತು. ತಲೆಗೆ ಬಿಸಿನೀರು ಸುರಿದಾಗಲೇ ಬರುವ ಸೆಳವನ್ನು ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ವರದಿ ಮಾಡಿದರು. ಅದು ಬೇರೆಯೇ ಜಾತಿ, ಜ್ವರದ್ದಲ್ಲ. ಅಲ್ಲಿಯೂ ಸುಳಿವು ಕೊಡುವುದು ಬಚ್ಚಲಲ್ಲಿ ತಂಬಿಗೆ ಹಿಡಿದು ನಿಂತವರೇ.

ಒಮ್ಮೆ ಮಗುವಿನ ಅಪ್ಪ ಅವ್ವ ಇಬ್ಬರೂ ಗಾಬರಿಯಲ್ಲಿ "ಮೈಯೆಲ್ಲಾ ನಡುಗಿತ್ರಿ" ಅಂದರು. ಹಿಂದೆ ಕೂತಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಇಲ್ಲ ಸಾಹೇಬ್ರ, ಮೊದಲ ಎಡಗೈ ಜಗ್ಗಿತು, ಆಮ್ಯಾಲೆ ಬಾಯಿ ಸೊಟ್ಟಾತು, ಉಳಿದದ್ದೆಲ್ಲಾ ಕಡೀಕ." ಸ್ಕ್ಯಾನಿಂಗ್ ಚೀಟಿಯಲ್ಲಿ ನಾನು ಆ ಮಾತನ್ನೇ ಬರೆದೆ.