ಧರ್ಮ ಯಾವುದು, ರೂಢಿ ಯಾವುದು?

(ಸಂಪಾಜೆಯಲ್ಲಿ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ದೇಶಕ್ಕೆ ಒಂದೇ ಸಂಸ್ಕೃತಿ ಇರಬೇಕೆಂದು ರಾಜಕೀಯ ವೇದಿಕೆಗಳಲ್ಲಿ ವಾದಿಸುವವರಿದ್ದಾರೆ. ಪೂರ್ವಿಕರಿಂದ ಬಂದುದೆಲ್ಲವೂ ದೀನ್ ಎಂದು ನಂಬಿದವರು ನಮ್ಮೊಳಗೂ ಇದ್ದಾರೆ. ಈ ಎರಡೂ ತಪ್ಪು ಕಲ್ಪನೆಗಳು. ಇವನ್ನು ಪರಿಶೀಲಿಸಲು ಸಮಾಜಶಾಸ್ತ್ರದ ಕೆಲವು ಮೂಲ ಪರಿಕಲ್ಪನೆಗಳು ನಮಗೆ ನೆರವಾಗುತ್ತವೆ.

ಮೊದಲನೆಯದಾಗಿ, ಸಂಸ್ಕೃತಿ ರಕ್ತದಿಂದ ಬರುವುದಿಲ್ಲ. ಅದು ಕಲಿಕೆಯಿಂದ ಬರುತ್ತದೆ. ಜ್ಞಾನ, ನಂಬಿಕೆ, ನೀತಿ, ರೂಢಿಗಳನ್ನು ಮನುಷ್ಯನು ಸಮಾಜದ ಸದಸ್ಯನಾಗಿ ಗಳಿಸಿಕೊಳ್ಳುತ್ತಾನೆಂದು ಎಡ್ವರ್ಡ್ ಟೈಲರ್ 1871ರಲ್ಲೇ ವಿವರಿಸಿದ್ದರು. ಕೊಡಗು ಮತ್ತು ದಕ್ಷಿಣ ಕನ್ನಡ ಕೂಡುವ ಈ ಸಂಪಾಜೆಯಲ್ಲಿ ಅರೆಭಾಷೆ, ತುಳು, ಬ್ಯಾರಿ, ಮಲಯಾಳಂ, ಕನ್ನಡ ಎಲ್ಲವೂ ಕೇಳಿಬರುತ್ತವೆ. ಘಟ್ಟ ಹತ್ತಿ ದಕ್ಷಿಣ ಕೊಡಗಿಗೆ ಹೋದರೆ, ಕೊಡವ ಭಾಷೆಯನ್ನಾಡುವ, ಕೊಡವ ಮನೆತನದ ಹೆಸರುಗಳನ್ನು ಉಳಿಸಿಕೊಂಡಿರುವ ಮಾಪಿಳ್ಳೆಯರಿದ್ದಾರೆ. ಅವರ ಕಿಬ್ಲಾ ಮತ್ತು ಬ್ಯಾರಿಗಳ ಕಿಬ್ಲಾ ಒಂದೇ, ಮನೆಮಾತು ಬೇರೆ. ಧರ್ಮ ಒಂದಾಗಿದ್ದೂ ಸಂಸ್ಕೃತಿ ಹಲವಾಗಿರಬಹುದು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಎರಡನೆಯದು, ತನ್ನ ರೂಢಿಯನ್ನೇ ಅಳತೆಗೋಲಾಗಿಸಿ ಇತರರನ್ನು ಕೀಳಾಗಿ ಕಾಣುವ ಪ್ರವೃತ್ತಿ. ವಿಲಿಯಂ ಗ್ರಹಾಂ ಸಮ್ನರ್ 1906ರಲ್ಲಿ ಇದನ್ನು ವಿಶ್ಲೇಷಿಸಿದರು. ನಮ್ಮ ಊಟ, ಉಡುಗೆಗಳನ್ನು ಹಂಗಿಸುವವರಲ್ಲಿ ಈ ದೋಷವನ್ನು ನಾವು ಬೇಗನೆ ಗುರುತಿಸುತ್ತೇವೆ. ನೆರೆಯವರ ಆಚಾರಗಳ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕಾಗಿದೆ.

ಮೂರನೆಯದು, ಅನುಕರಣೆ. ಈ ವಿಷಯದಲ್ಲಿ ಕೊಡಗು ಜಗತ್ತಿಗೇ ಒಂದು ಪಾಠವನ್ನು ನೀಡಿದೆ. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜದ ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಿಂದಲೇ 'ಸಂಸ್ಕೃತೀಕರಣ'ದ ಪರಿಕಲ್ಪನೆ ಪ್ರಸಿದ್ಧವಾಯಿತು. ಕೆಳಗಿನ ಸ್ತರದವರು ಮೇಲಿನವರ ಆಚಾರಗಳನ್ನು ಅನುಸರಿಸಿ ಸ್ಥಾನಮಾನ ಪಡೆಯಲೆತ್ನಿಸುತ್ತಾರೆಂಬುದು ಅದರ ತಿರುಳು. ಸೋತವರು ಗೆದ್ದವರ ಉಡುಗೆ, ನಡೆಗಳನ್ನು ಅನುಕರಿಸುತ್ತಾರೆಂದು ಇಬ್ನು ಖಲ್ದೂನ್ 14ನೆಯ ಶತಮಾನದಲ್ಲೇ ಬರೆದಿದ್ದರು.

ಈ ಬೆಳಕಿನಲ್ಲಿ ನಮ್ಮ ಮದುವೆಗಳನ್ನು ನೋಡೋಣ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 4ನೆಯ ಸೂಕ್ತವು ವಧುವಿಗೆ ಮಹ್ರ್ ನೀಡುವಂತೆ ಆದೇಶಿಸುತ್ತದೆ. ಅಂದರೆ ಕೊಡಬೇಕಾದವನು ವರ. ಆದರೆ ನಮ್ಮಲ್ಲಿ ಚಿನ್ನ, ನಗದು ಹರಿಯುವುದು ವಧುವಿನ ಮನೆಯಿಂದ. ಇದು ಗ್ರಂಥದಿಂದ ಬಂದುದಲ್ಲ, ಪೈಪೋಟಿಯಿಂದ ಬಂದುದು. ಇದೇ ಶ್ರೀನಿವಾಸ್ ಅವರು 1984ರಲ್ಲಿ ವರದಕ್ಷಿಣೆಯ ಬಗ್ಗೆಯೂ ಬರೆದರು. ಇಂದಿನ ವರದಕ್ಷಿಣೆ ಪ್ರಾಚೀನ ಸಂಪ್ರದಾಯವಲ್ಲ, ನಗದು ವ್ಯವಹಾರ, ಆಧುನಿಕ ಶಿಕ್ಷಣ, ಸಂಬಳದ ಉದ್ಯೋಗಗಳ ಜೊತೆಗೆ ಬೆಳೆದ ಪಿಡುಗು ಎಂಬುದು ಅವರ ನಿಲುವು. 1961ರ ಕಾನೂನು ಅದನ್ನು ನಿಷೇಧಿಸಿದೆ. ಆದರೂ ನಿಕಾಹ್‌ಗಾಗಿ ಮನೆಯ ಪತ್ರ ಅಡವಿಟ್ಟು ಬಡ್ಡಿಯ ಸಾಲ ಪಡೆಯುವ ತಂದೆಯಂದಿರು ನಮ್ಮ ನಡುವೆ ಇದ್ದಾರೆ. ಒಂದು ಸುನ್ನತ್ತನ್ನು ನೆರವೇರಿಸಲು ಒಂದು ಹರಾಮಿನ ಬಾಗಿಲು ತಟ್ಟುವಂತಾಗಿದೆ.

ಪರಿಹಾರವೂ ಈ ಪರಿಕಲ್ಪನೆಯೊಳಗೇ ಇದೆ. ರೂಢಿಯು ಮೇಲಿನಿಂದ ಕೆಳಕ್ಕೆ ಹರಿಯುವುದಾದರೆ, ಉಪದೇಶ ಮೊದಲು ತಲುಪಬೇಕಾದುದು ಬಡ ತಂದೆಗಲ್ಲ. ಕೊಡಲು ಸಮರ್ಥರಾದವರು ಕೊಡದಿರಲಿ, ಕೇಳಬಲ್ಲವರು ಕೇಳದಿರಲಿ. ಊರಿನ ಸ್ಥಿತಿವಂತರು ಮತ್ತು ಜಮಾಅತ್ ಸಮಿತಿಯ ಮುಂದಾಳುಗಳು ತಮ್ಮ ಗಂಡುಮಕ್ಕಳ ಮದುವೆಯನ್ನು ವರದಕ್ಷಿಣೆಯಿಲ್ಲದೆ ಸರಳವಾಗಿ ನಡೆಸಿದರೆ, ಅದೂ ಅನುಕರಣೆಗೆ ಯೋಗ್ಯವಾದ ಪ್ರತಿಷ್ಠೆಯಾಗುತ್ತದೆ.

ಕಲಿತದ್ದನ್ನು ಬಿಡಲು ಸಾಧ್ಯವಿದೆ. ದೀನನ್ನು ಉಳಿಸಿಕೊಳ್ಳೋಣ, ದೀನಿನ ಹೆಸರಿನಲ್ಲಿ ಹೊತ್ತ ಹೊರೆಯನ್ನು ಇಳಿಸೋಣ. ಅಲ್ಲಾಹನು ನಮ್ಮೆಲ್ಲರಿಗೂ ಅದಕ್ಕೆ ಅನುಗ್ರಹ ನೀಡಲಿ, ಆಮೀನ್.