ಕೊಚ್ಚಿಯ ಬಂದರನ್ನು ಕಟ್ಟಿದವರು



ಸೇತುವೆಯನ್ನು ಕಟ್ಟಿದ ಇಂಜಿನಿಯರರ ಕೃತಿಯು ದಾರಿಹೋಕರೆಲ್ಲರ ಕಣ್ಣಿಗೆ ಬೀಳುವುದು. ಬಂದರನ್ನು ಕಟ್ಟಿದವರ ಕೃತಿಯಾದರೋ ಬಹುಮಟ್ಟಿಗೆ ನೀರಿನ ಕೆಳಗೆ ಅಡಗಿರುವುದು. ಅಂತಹ ಕಾರ್ಯಕ್ಕೆ ಇಪ್ಪತ್ತೊಂದು ವರ್ಷಗಳನ್ನು ಮುಡಿಪಾಗಿಟ್ಟ ಸರ್ ರಾಬರ್ಟ್ ಬ್ರಿಸ್ಟೋ ಅವರ ವಿಚಾರವನ್ನು ಈ ಹೊತ್ತು ನಿವೇದಿಸಲಿರುವೆವು.

1880ರಲ್ಲಿ ಜನಿಸಿದ ಈ ಆಂಗ್ಲ ಇಂಜಿನಿಯರರು, ಲಾರ್ಡ್ ವಿಲಿಂಗ್ಡನ್ನರು ಮದರಾಸಿನ ಗವರ್ನರಾಗಿದ್ದ ಕಾಲದಲ್ಲಿ, 1920ರಲ್ಲಿ ಕೊಚ್ಚಿಗೆ ಬಂದರು. ಪ್ರಕೃತಿಯು ಅಲ್ಲಿ ವಿಶಾಲವಾದ ಹಿನ್ನೀರನ್ನು ಕೊಟ್ಟಿತ್ತು. ಆದರೆ ಅಳಿವೆಯ ಮುಂದೆ ಮರಳಿನ ದಿಬ್ಬವೊಂದನ್ನೂ ಅಡ್ಡಲಾಗಿ ಇರಿಸಿತ್ತು. ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ಲಂಗರು ಹಾಕಿ, ದೋಣಿಗಳ ಮೂಲಕ ಸರಕನ್ನು ಸಾಗಿಸಬೇಕಾಗಿತ್ತು. ಮುಂಗಾರಿನಲ್ಲಿ ಅದೂ ದುಸ್ತರವಾಗುತ್ತಿತ್ತು.

ದಿಬ್ಬವನ್ನು ಕಡಿದರೆ ತೀರಿತಲ್ಲವೇ ಎಂದು ಕೇಳಬಹುದು. ಹಾಗೆ ಕಡಿದರೆ ಉತ್ತರದ ವೈಪಿನ್ ದಂಡೆಯನ್ನು ಕಡಲು ಕೊರೆದೀತೆಂಬ ಭಯವಿತ್ತು. ಉಳ್ಳಾಲದ ಕಡಲ್ಕೊರೆತವನ್ನು ಬಲ್ಲ ಕನ್ನಡಿಗರಿಗೆ ಈ ಭಯವು ಅಪರಿಚಿತವಲ್ಲ. ಹಡಗಿಗೆ ದಾರಿ ಮಾಡಹೋಗಿ ದಂಡೆಯ ಜನರ ಮನೆಮಠಗಳನ್ನು ನೀರುಪಾಲು ಮಾಡುವುದು ಯಾವ ಜಾಣತನ?

ಬ್ರಿಸ್ಟೋ ಅವರು ಈ ಪ್ರಶ್ನೆಯನ್ನು ಬದಿಗಿಡಲಿಲ್ಲ. ಅವರು ದಂಡೆಗೆ ಹೆಚ್ಚುಕಡಮೆ ಸಮಾನಾಂತರವಾಗಿ, ಒಂದರ ತುದಿಯನ್ನು ಇನ್ನೊಂದು ಮರೆಮಾಡುವಂತೆ, ಕಗ್ಗಲ್ಲಿನ ಒಡ್ಡುಗಳನ್ನು ಹಾಕಿಸಿದರು. ಅಲೆಗಳು ತಂದ ಮರಳು ಅವುಗಳ ಆಶ್ರಯದಲ್ಲಿ ತಾನಾಗಿ ನೆಲೆನಿಂತು ದಂಡೆಯನ್ನು ಕಾಯತೊಡಗಿತು. ಕೊರೆಯುವ ಕಡಲಿನಿಂದಲೇ ಕಾವಲಿನ ಕೆಲಸವನ್ನು ಮಾಡಿಸಿದಂತಾಯಿತು.

'ಲಾರ್ಡ್ ವಿಲಿಂಗ್ಡನ್' ಎಂಬ ಹೂಳೆತ್ತುವ ಹಡಗು ದಿಬ್ಬವನ್ನು ಸೀಳಿ ಕಾಲುವೆಯನ್ನು ತೋಡಿತು. 1928ರ ಮೇ 26ರಂದು 'ಪದ್ಮ' ಎಂಬ ಉಗಿಹಡಗು ಒಳಬಂದರನ್ನು ಪ್ರವೇಶಿಸಿತು. ನೀರಿನಡಿಯಿಂದ ತೆಗೆದ ಮಣ್ಣೂ ವ್ಯರ್ಥವಾಗಲಿಲ್ಲ. ಅದನ್ನು ಹಿನ್ನೀರಿನಲ್ಲಿ ತುಂಬಿ ವಿಲಿಂಗ್ಡನ್ ದ್ವೀಪವನ್ನೇ ನಿರ್ಮಿಸಿದರು. ದಕ್ಕೆ, ರೈಲುಮಾರ್ಗ, ವಿಮಾನನಿಲ್ದಾಣ ಇವೆಲ್ಲಕ್ಕೂ ಆ ನೆಲವೇ ಆಧಾರವಾಯಿತು.

1941ರಲ್ಲಿ ಅವರು ಕೊಚ್ಚಿಯನ್ನು ಬಿಟ್ಟರು, 1959ರಲ್ಲಿ ತಮ್ಮ ಅನುಭವಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು, 1966ರಲ್ಲಿ ದಿವಂಗತರಾದರು. ಅವರು ತೋಡಿಸಿದ ಕಾಲುವೆಯಲ್ಲಿ ಇಂದಿಗೂ ಹೂಳು ತುಂಬುತ್ತಲೇ ಇರುವುದು. ಅದನ್ನು ಎತ್ತುತ್ತಲೇ ಇರಬೇಕು. ಕಡಲನ್ನು ಒಮ್ಮೆ ಗೆದ್ದು ವಿಶ್ರಮಿಸುವುದು ಯಾರಿಗೂ ಸಾಧ್ಯವಿಲ್ಲ. ಒಂದೆಡೆಯ ಮರಳನ್ನು ತೆಗೆಯುವ ಮುನ್ನ, ಅದರಿಂದ ಇನ್ನೊಂದೆಡೆ ಯಾರ ನೆಲವು ಕುಸಿಯಬಹುದೆಂದು ವಿಚಾರಿಸುವುದೇ ಬಂದರು ಕಟ್ಟುವವರ ಮೊದಲ ಧರ್ಮವೆಂದು ನಾವು ತಿಳಿಯುವೆವು.